ಪ್ಲೇಗಿನ ಸೂಜಿಯ ಹಾಫ್‌ಕಿನ್ನರು

ಸೊಲ್ಲಾಪುರ, ಕಲಬುರ್ಗಿಗಳನ್ನು ದಾಟಿ ಶಹಾಬಾದ, ವಾಡಿಗಳ ಮೂಲಕ ರೈಲಿನ ಹಳಿಗಳು ರಾಯಚೂರನ್ನು ಮುಟ್ಟಿದುದು 1871ರಲ್ಲಿ. ಮೂರು ವರ್ಷಗಳ ತರುವಾಯ, 1874ರಲ್ಲಿ, ವಾಡಿಯಿಂದ ನಿಜಾಮರ ರೈಲು ಕವಲೊಡೆದು ಚಿತ್ತಾಪುರ, ಮಳಖೇಡ, ಸೇಡಂಗಳನ್ನು ಹಾಯ್ದು ಸಿಕಂದರಾಬಾದಿನತ್ತ ನಡೆಯಿತು. ಚಿಂಚೋಳಿಗೆ ಹಳಿ ಬರಲಿಲ್ಲ. ಅಲ್ಲಿಯ ಜನ ತಾಂಡೂರಿಗೋ ಸೇಡಂಗೋ ಬಂದು ಗಾಡಿ ಹತ್ತಬೇಕಾಗಿತ್ತು. ಈ ಹಳಿಗಳ ಮೇಲೆ ಶಹಾಬಾದದ ಫರಸಿಕಲ್ಲು ಹೋಯಿತು, ಕರಿನೆಲದ ಅರಳೆ ಹೋಯಿತು, ತೊಗರಿ ಜೋಳಗಳು ಹೋದವು. ದುಡಿಮೆಯನ್ನು ಅರಸಿ ಮುಂಬಯಿಯ ಗಿರಣಿಗಳಿಗೆ ಮನುಷ್ಯರೂ ಹೋದರು. ಮರಳಿ ಬಂದವುಗಳಲ್ಲಿ ಅರಿವೆ, ಪಾತ್ರೆ, ಪತ್ರಿಕೆಗಳ ಜೊತೆಗೆ ಯಾರೂ ಕರೆಯದ ಒಂದು ವಸ್ತುವೂ ಇದ್ದಿತು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯ ಓಣಿಗಳಲ್ಲಿ ಡಾಕ್ಟರ್ ಅಕಾಸಿಯೊ ವೀಗಸರು ಗುರುತಿಸಿದ ಪ್ಲೇಗು, ಕೆಲವೇ ವರ್ಷಗಳಲ್ಲಿ ರೈಲಿನ ದಾರಿಗುಂಟ ದಕ್ಷಿಣದ ನಾಡುಗಳಿಗೆ ಇಳಿಯಿತು.

ಆ ಕಾಲದ ನೆನಪುಗಳು ನಮ್ಮ ನಾಡಿನ ಹಿರಿಯರ ಮಾತಿನಲ್ಲಿ ಬಹುಕಾಲ ಉಳಿದಿದ್ದವು. ಇಲಿ ಬಿದ್ದಿತೆಂದರೆ ಊರು ಬಿಡುವುದು, ಹೊಲದಲ್ಲಿ ಜೋಳದ ದಂಟಿನ ಗುಡಿಸಲು ಕಟ್ಟಿ ತಿಂಗಳುಗಟ್ಟಲೆ ಇರುವುದು, ಬೀಗ ಹಾಕಿದ ಬೀದಿಗಳಲ್ಲಿ ನಾಯಿಗಳು ಮಾತ್ರ ತಿರುಗಾಡುವುದು. ಆದರೆ ಆ ಬೇನೆಗೆ ಮೊದಲ ಸೂಜಿಮದ್ದನ್ನು ಕಂಡುಹಿಡಿದವರು ಯಾರೆಂದು ಕೇಳಿದರೆ ಬಲ್ಲವರು ವಿರಳ. ವಾಲ್ಡೆಮರ್ ಮೊರ್ಡೆಕೈ ಹಾಫ್‌ಕಿನ್ನರ ಹೆಸರು ಮುಂಬಯಿಯ ಪರೇಲಿನ ಒಂದು ಸಂಸ್ಥೆಯ ಹೆಬ್ಬಾಗಿಲ ಮೇಲೆ ಉಳಿದಿದೆ. ಅವರ ಬಾಳು ಮಾತ್ರ ಜನಮನದಿಂದ ಜಾರಿಹೋಗಿದೆ. ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಯಹೂದಿಯೊಬ್ಬನ ಚರಿತ್ರೆಗೆ ಮಠದ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಏನು ಕೆಲಸವೆಂದು ಕೇಳುವವರಿದ್ದರೆ, ಅವರು ಈ ಲೇಖನದ ಕಡೆಯವರೆಗೆ ತಾಳ್ಮೆಯಿಂದಿರಬೇಕು.

ಹಾಫ್‌ಕಿನ್ನರು ಹುಟ್ಟಿದುದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ಪಟ್ಟಣದಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಅವರು ಓದಿದುದು ವೈದ್ಯವನ್ನಲ್ಲ, ಪ್ರಾಣಿಶಾಸ್ತ್ರವನ್ನು. ಗುರುಗಳಾಗಿ ದೊರೆತವರು ಈಲ್ಯಾ ಮೆಚ್ನಿಕಾವ್. ದೇಹದೊಳಗೆ ಹೊಕ್ಕ ರೋಗಾಣುಗಳನ್ನು ರಕ್ತದ ಬಿಳಿಯ ಕಣಗಳು ಸುತ್ತುವರಿದು ನುಂಗುವ ಬಗೆಯನ್ನು ತೋರಿಸಿ, ಮುಂದೆ 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮಹಾವಿದ್ವಾಂಸರು ಅವರು. ಇಮ್ಯುನಾಲಜಿ, ಎಂದರೆ ರೋಗನಿರೋಧ ವಿಜ್ಞಾನವೆಂಬ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಮೆಚ್ನಿಕಾವರೊಬ್ಬರು. ಒಮ್ಮೆ ದೇವಿ ಎದ್ದು ಬದುಕಿದವರಿಗೆ ಮತ್ತೆ ದೇವಿ ಏಳುವುದಿಲ್ಲವೆಂಬುದನ್ನು ನಮ್ಮ ಹಳ್ಳಿಯ ಮುದುಕಿಯರೂ ಬಲ್ಲರು. ಅದು ಏಕೆ ಹಾಗೆ, ದೇಹವು ವೈರಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಹೇಗೆ, ಬೇನೆ ಬೀಳದೆಯೇ ಆ ನೆನಪನ್ನು ದೇಹಕ್ಕೆ ಕಲಿಸಬಹುದೇ ಎಂಬುದೇ ಈ ಶಾಸ್ತ್ರದ ಮೂಲಪ್ರಶ್ನೆ.

1881ರಲ್ಲಿ ಒಡೆಸ್ಸಾದ ಯಹೂದಿಗಳ ಮೇಲೆ ದೊಂಬಿಗಳು ನಡೆದಾಗ ತರುಣ ಹಾಫ್‌ಕಿನ್ನರು ತಮ್ಮವರ ರಕ್ಷಣೆಗೆ ನಿಂತು ಪೆಟ್ಟು ತಿಂದರು, ಸೆರೆಯಾದರು. ಗುರುಗಳು ನಡುವೆ ಬಂದು ಬಿಡಿಸಿದರು. ಓದು ಮುಗಿದ ಮೇಲೆ ವಿಶ್ವವಿದ್ಯಾಲಯದಲ್ಲಿ ಮೇಲಿನ ಹುದ್ದೆ ಬೇಕಾದರೆ ಸರಕಾರಿ ಮತವಾದ ಕ್ರೈಸ್ತಮತಕ್ಕೆ ಸೇರಬೇಕೆಂಬ ನಿರ್ಬಂಧ ಎದುರಾಯಿತು. ಹೆಸರನ್ನು ಬದಲಿಸಿ ಹುದ್ದೆ ಹಿಡಿದವರು ಆ ಕಾಲದಲ್ಲಿ ಇಲ್ಲದಿರಲಿಲ್ಲ. ಹಾಫ್‌ಕಿನ್ನರು ಒಪ್ಪಲಿಲ್ಲ. 1888ರಲ್ಲಿ ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಗೆ ಬಂದರು. ಮೆಚ್ನಿಕಾವರು ಅದಾಗಲೇ ಅಲ್ಲಿದ್ದರು. ಶಿಷ್ಯನಿಗೆ ಕೊಡಲು ಖಾಲಿಯಿದ್ದ ಹುದ್ದೆ ಒಂದೇ, ಗ್ರಂಥಪಾಲನದು. ಪುಸ್ತಕಗಳನ್ನು ಜೋಡಿಸುವ ಕೆಲಸವನ್ನು ಒಪ್ಪಿಕೊಂಡು, ಬಿಡುವಿನಲ್ಲಿ ಪ್ರಯೋಗಶಾಲೆಯ ಒಂದು ಮೂಲೆಯನ್ನು ಹಿಡಿದರು.

ಆ ಮೂಲೆಯಲ್ಲಿ ಹಿಡಿದ ಕೆಲಸ ವಾಂತಿಭೇದಿಯದು. ಕಾಲರಾದ ರೋಗಾಣುವನ್ನು ಗಿನಿಯಿಲಿಗಳ ದೇಹದಲ್ಲಿ ಒಂದರಿಂದ ಒಂದಕ್ಕೆ ಸಾಗಿಸಿ ಅದರ ಕಸುವನ್ನು ಹೆಚ್ಚಿಸಿದರು. ಇನ್ನೊಂದು ಪಾಲನ್ನು ಕಾವು ಗಾಳಿಗಳಿಂದ ಮೆತ್ತಗಾಗಿಸಿದರು. ಮೊದಲು ಮೆತ್ತನೆಯದು, ಕೆಲವು ದಿನಗಳ ತರುವಾಯ ಕಸುವಿನದು, ಹೀಗೆ ಎರಡು ಬಾರಿ ಚುಚ್ಚಿದರೆ ಪ್ರಾಣಿಗಳು ಬದುಕಿಕೊಳ್ಳುವುದನ್ನು ಕಂಡರು. 1892ರ ಜುಲೈ 18ರಂದು ಅದನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂದಿತು, ಇಳಿಯಿತು. ಅವರ ಗೆಳೆಯರು ಕೆಲವರೂ ಮುಂದಾಗಿ ತೋಳು ನೀಡಿದರು. ನುಡಿಗೂ ನಡೆಗೂ ಬಿರುಕಿರಬಾರದೆಂಬುದು ಶರಣರ ನಾಡಿಗೆ ಹೊಸ ಮಾತಲ್ಲ. ಪ್ಯಾರಿಸ್ಸಿನ ಗ್ರಂಥಪಾಲಕನೊಬ್ಬ ಅದನ್ನು ಅರಿತಿದ್ದನೆಂಬುದು ಸಂತೋಷದ ಸಂಗತಿ.

ಕಾಲರಾದ ಮನೆಯೆಂದರೆ ಆಗ ಭಾರತ. ಹಿಂದೆ ಇಲ್ಲಿ ವೈಸರಾಯರಾಗಿದ್ದ ಡಫರಿನ್ ಸಾಹೇಬರು ಆ ವೇಳೆ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಗಳು. ಅವರ ಶಿಫಾರಸಿನ ಮೇಲೆ ಹಾಫ್‌ಕಿನ್ನರು 1893ರ ಮಾರ್ಚಿನಲ್ಲಿ ಕಲ್ಕತ್ತೆಗೆ ಬಂದರು. ರಷ್ಯಾದವನಾದ್ದರಿಂದ ಗೂಢಚಾರನೆಂಬ ಸಂಶಯ ಒಂದು ಕಡೆ. ವೈದ್ಯನಲ್ಲದವನು ಸೂಜಿ ಹಿಡಿಯುವುದೆಂತು ಎಂಬ ಬಿಳಿಯ ಡಾಕ್ಟರರ ಮುನಿಸು ಮತ್ತೊಂದು ಕಡೆ. ಎರಡು ವರ್ಷಗಳಲ್ಲಿ ಉತ್ತರ ಹಿಂದುಸ್ತಾನವನ್ನೆಲ್ಲ ಸುತ್ತಿ, ಸುಮಾರು 42 ಸಾವಿರ ಜನರಿಗೆ ಸೂಜಿ ಹಾಕಿದರು. ಬಲವಂತ ಮಾಡಲಿಲ್ಲ. ಒಪ್ಪಿ ಬಂದವರಿಗೆ ಮಾತ್ರ.

ಈ ಸುತ್ತಾಟದಲ್ಲಿಯೇ ಅವರ ಜೀವಮಾನದ ಪದ್ಧತಿಯೊಂದು ರೂಪುಗೊಂಡಿತು. 1894ರಲ್ಲಿ ಕಲ್ಕತ್ತೆಯ ಕಟ್ಟಾಲ್ ಬಾಗಾನ್ ಎಂಬ ಬಡವರ ಬಸ್ತಿಯಲ್ಲಿ ಕಾಲರಾ ಕಾಣಿಸಿಕೊಂಡಾಗ, ಅಲ್ಲಿಯ ಸುಮಾರು 200 ಜನರಲ್ಲಿ 116 ಮಂದಿ ಸೂಜಿಗೆ ಒಪ್ಪಿದರು. ತರುವಾಯ ಬಿದ್ದ ಬೇನೆ, ಆದ ಸಾವು ಎಲ್ಲವೂ ಒಪ್ಪದೆ ಉಳಿದವರಲ್ಲಿಯೇ. ಮದ್ದು ಹಾಕಿದವರು ಬದುಕಿದರೆಂದು ಸಾರುವುದು ಸುಲಭ; ಮದ್ದಿಲ್ಲದೆಯೂ ಎಷ್ಟು ಜನ ಬದುಕುತ್ತಿದ್ದರೆಂಬುದನ್ನು ಯಾರೂ ಕೇಳುವುದಿಲ್ಲ. ಒಂದೇ ಬಸ್ತಿ, ಒಂದೇ ನೀರು, ಒಂದೇ ಮನೆ. ಅದರಲ್ಲಿ ಸೂಜಿ ಕಂಡವರು ಇಷ್ಟು, ಕಾಣದವರು ಇಷ್ಟು. ಇವರಲ್ಲಿ ಸತ್ತವರೆಷ್ಟು, ಅವರಲ್ಲಿ ಸತ್ತವರೆಷ್ಟು ಎಂದು ಎರಡು ಕಂಬಗಳಲ್ಲಿ ಬರೆದು ಎದುರಿಗಿಡುವುದು ಹಾಫ್‌ಕಿನ್ನರ ರೀತಿ. ಅಂಗಡಿಯ ಖಾತೆಯಂತೆ ಅದು ಸರಳ. ಆದರೆ ಖಾತೆಯನ್ನು ಪ್ರಾಮಾಣಿಕವಾಗಿ ಇಡುವುದು ಎಷ್ಟು ಕಷ್ಟವೆಂಬುದನ್ನು ಅಂಗಡಿಕಾರರೇ ಬಲ್ಲರು.

ಮಲೇರಿಯಾ ಹಿಡಿದು ಬಳಲಿ ಯೂರೋಪಿಗೆ ಮರಳಿದ್ದ ಅವರು, ಚೇತರಿಸಿಕೊಂಡು ಪುನಃ ಇಲ್ಲಿಗೆ ಬಂದರು. 1896ರ ಅಕ್ಟೋಬರಿನಲ್ಲಿ ಸರಕಾರದ ಕರೆಯಂತೆ ಮುಂಬಯಿಗೆ ಧಾವಿಸಿದಾಗ, ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ದೊರೆತ ಸ್ಥಳ ಒಂದು ಕೋಣೆ, ಒಂದು ಪಡಸಾಲೆ. ಸಹಾಯಕ್ಕೆ ಒಬ್ಬ ಗುಮಾಸ್ತ, ಮೂವರು ಜವಾನರು. ಪ್ಲೇಗಿನ ರೋಗಾಣುವನ್ನು ಎರಡು ವರ್ಷಗಳ ಹಿಂದೆಯಷ್ಟೆ, 1894ರಲ್ಲಿ, ಹಾಂಗಕಾಂಗಿನಲ್ಲಿ ಯೆರ್ಸಿನ್ ಎಂಬುವರು ಕಂಡುಹಿಡಿದಿದ್ದರು. ಅದನ್ನು ಬೆಳೆಸುವುದಕ್ಕೆ ಹಾಫ್‌ಕಿನ್ನರು ಹೂಡಿದ ಉಪಾಯ ಕೇಳಲು ಸ್ವಾರಸ್ಯವಾಗಿದೆ. ಬಾಯಿ ಕಟ್ಟಿದ ಗಾಜಿನ ಬುಡ್ಡಿಗಳಲ್ಲಿ ಮಾಂಸದ ತಿಳಿಸಾರನ್ನು ತುಂಬಿ, ಅದರ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರು. ರೋಗಾಣುಗಳು ಆ ತುಪ್ಪದ ಹನಿಗಳನ್ನು ಆಸರೆಯಾಗಿ ಹಿಡಿದು, ಗುಹೆಯ ಮಾಳಿಗೆಯಿಂದ ಇಳಿಬೀಳುವ ಸುಣ್ಣದ ಕೋಲುಗಳಂತೆ ಕೆಳಮುಖವಾಗಿ ಬೆಳೆದವು. ಬುಡ್ಡಿಯನ್ನು ಅಲುಗಾಡಿಸಿದರೆ ಅವು ಉದುರಿ ತಳ ಸೇರುವವು. ಮೇಲೆ ಮತ್ತೊಂದು ಬೆಳೆ ಏಳುವುದು. ಹೀಗೆ ವಾರಗಟ್ಟಲೆ ಬೆಳೆಸಿ, ಒಂದು ತಾಸು ಹದವಾಗಿ ಕಾಯಿಸಿ ರೋಗಾಣುಗಳನ್ನು ಕೊಂದು, ಕೆಡದಂತೆ ಕಾರ್ಬಾಲಿಕ್ ಆಮ್ಲವನ್ನು ಬೆರೆಸಿದರೆ ಮದ್ದು ಸಿದ್ಧ. ಸತ್ತ ರೋಗಾಣುವಿನ ಶವವನ್ನು ತೋರಿಸಿ, ಬದುಕಿರುವ ವೈರಿಯ ಗುರುತನ್ನು ದೇಹಕ್ಕೆ ಹಿಡಿಸುವ ಉಪಾಯವಿದು. ಪ್ಯಾರಿಸ್ಸಿನಿಂದ ಬಂದ ವಿಜ್ಞಾನ ನಮ್ಮ ಅಡಿಗೆಮನೆಯ ತುಪ್ಪದ ಗಡಿಗೆಯನ್ನು ಆಶ್ರಯಿಸಿತೆಂಬುದನ್ನು ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯರು ನೆನಪಿಡಬೇಕು.

ಆ ದುಡಿಮೆಯ ಬಿರುಸು ಎಷ್ಟಿತ್ತೆಂದರೆ ಸಹಾಯಕರಲ್ಲೊಬ್ಬರು ಮನಸ್ಸಿನ ಸ್ಥಿಮಿತ ಕಳೆದುಕೊಂಡರು, ಇಬ್ಬರು ಕೆಲಸ ಬಿಟ್ಟು ಹೋದರು. ಮೂರು ತಿಂಗಳಲ್ಲಿ ಮದ್ದು ಸಿದ್ಧವಾಯಿತು. 1897ರ ಜನವರಿ 10ರಂದು ಹಾಫ್‌ಕಿನ್ನರು, ಮುಂದೆ ಜನರಿಗೆ ಕೊಡಬೇಕೆಂದಿದ್ದುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ, ಅದನ್ನು ತಮಗೆ ಚುಚ್ಚಿಸಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಬೈಕುಲಾ ಸೆರೆಮನೆಯಲ್ಲಿ ಪ್ಲೇಗು ಬಿದ್ದಿತು. ಒಪ್ಪಿದ ಕೈದಿಗಳಿಗೆ ಸೂಜಿ ಹಾಕಲಾಯಿತು. ಉಳಿದವರು ಹಾಗೆಯೇ ಇದ್ದರು. ಸೂಜಿ ಕಾಣದವರಲ್ಲಿ 12 ಮಂದಿ ಬೇನೆ ಬಿದ್ದು 6 ಮಂದಿ ಸತ್ತರು. ಸೂಜಿ ಕಂಡವರಲ್ಲಿ ಬೇನೆ ಬಿದ್ದವರು ಇಬ್ಬರು, ಸತ್ತವರಿಲ್ಲ.

ಆದರೆ ಸೆರೆಮನೆಯ ಹೊರಗೆ ಜನ ಸೂಜಿಯನ್ನು ನಂಬುವುದು ಅಷ್ಟು ಸುಲಭವಾಗಿರಲಿಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯದೆ ಸರಕಾರಕ್ಕೆ ಮಿತಿಯಿಲ್ಲದ ಅಧಿಕಾರ ಕೊಟ್ಟಿತ್ತು. ಪುಣೆಯಲ್ಲಿ ಸೋಲ್ಜರರು ಮನೆಗಳನ್ನು ಹೊಕ್ಕು, ಹೆಂಗಸರೆಂಬ ಎಗ್ಗಿಲ್ಲದೆ ತಪಾಸಣೆ ಮಾಡಿದರು; ಆ ಕ್ರೋಧದಲ್ಲಿ ಚಾಪೇಕರ್ ಸೋದರರು ರ‍್ಯಾಂಡ್ ಎಂಬ ಅಧಿಕಾರಿಯನ್ನು ಕೊಂದರು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಕೆಳಗಿಳಿಸಿ ಕಂಕುಳು ಮುಟ್ಟಿ ನೋಡುತ್ತಿದ್ದರು. ಅದೇ ಸರಕಾರದ ಮುದ್ರೆಯಿರುವ ಬುಡ್ಡಿಯಿಂದ ಬಂದ ಮದ್ದನ್ನು ಯಾವ ಧೈರ್ಯದಿಂದ ಮೈಗೆ ಹಾಕಿಸಿಕೊಳ್ಳಬೇಕು? ನಮ್ಮ ಜನರನ್ನು ಅಜ್ಞಾನಿಗಳೆಂದು ಹಳಿದ ಸಾಹೇಬರ ವರದಿಗಳು ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಹಾಫ್‌ಕಿನ್ನರಿಗೆ ಅದು ಗೊತ್ತಿದ್ದಿತು. ಖೋಜಾ ಸಮಾಜದ ಗುರುಗಳಾದ ಮೂರನೆಯ ಆಗಾ ಖಾನರು ತಮ್ಮ ಅನುಯಾಯಿಗಳ ಎದುರಿನಲ್ಲಿ ತಾವೇ ಸೂಜಿ ಹಾಕಿಸಿಕೊಂಡು, ತಮ್ಮ ಖುಶ್ರು ಲಾಜ್ ಎಂಬ ಬಂಗಲೆಯನ್ನು ಪ್ರಯೋಗಶಾಲೆಗೆ ಬಿಟ್ಟುಕೊಟ್ಟರು. ಗುರುವಿನ ತೋಳು ಕಂಡ ಮೇಲೆ ಸಾವಿರಾರು ತೋಳುಗಳು ಮುಂದೆ ಬಂದವು. ಜನ ನಂಬುವ ಪೀಠಗಳ ಹೊಣೆ ಎಷ್ಟು ಭಾರವಾದುದೆಂಬುದಕ್ಕೆ ಇದೊಂದು ನಿದರ್ಶನ.

1898ರ ಫೆಬ್ರವರಿಯಲ್ಲಿ ಬಡೋದೆಯ ಬಳಿಯ ಉಂಧೇರಾ ಎಂಬ ಹಳ್ಳಿಯಲ್ಲಿ ನಡೆದ ಪರೀಕ್ಷೆಯನ್ನು ಹಾಫ್‌ಕಿನ್ನರ ಕಾರ್ಯದ ತಿರುಳೆನ್ನಬೇಕು. ಮನೆಮನೆಯಲ್ಲಿ ಅರ್ಧ ಜನಕ್ಕೆ ಸೂಜಿ, ಅರ್ಧ ಜನಕ್ಕೆ ಇಲ್ಲ. ವಯಸ್ಸು, ಲಿಂಗ, ಆರೋಗ್ಯ ನೋಡಿ ಎರಡೂ ಪಾಲು ಸಮನಾಗಿರುವಂತೆ ಹಂಚಲಾಯಿತು. ಪ್ಲೇಗು ಹಾದುಹೋದ ಮೇಲೆ ಎಣಿಸಿದರು. ಸೂಜಿ ಕಾಣದ 64 ಜನರಲ್ಲಿ 27 ಮಂದಿಗೆ ಬೇನೆ, 26 ಸಾವು. ಸೂಜಿ ಕಂಡ 71 ಜನರಲ್ಲಿ 8 ಮಂದಿಗೆ ಬೇನೆ, 3 ಸಾವು. ಈ ಅಂಕಿಗಳನ್ನು ಓದುವವನ ಮನಸ್ಸು ಎರಡು ಕಡೆಗೆ ಎಳೆಯುತ್ತದೆ. ಮದ್ದಿನ ಗುಣ ಹಾಡಹಗಲಿನಂತೆ ಸ್ಪಷ್ಟವಾಯಿತು, ದಿಟ. ಆದರೆ ಒಂದೇ ಒಲೆಯ ಸುತ್ತ ಉಂಡವರಲ್ಲಿ ಅರ್ಧ ಜನರನ್ನು ಹೊರಗಿಟ್ಟು ಎಣಿಸಿದ ಆ 26 ಹೆಣಗಳ ಲೆಕ್ಕ ನಿರ್ದಯವಾದುದೆಂದು ಇಂದಿನ ವೈದ್ಯನೀತಿ ಹೇಳೀತು. ಮದ್ದು ಗುಣಕಾರಿಯೆಂದು ಆಗ ಜಗತ್ತಿಗೆ ಖಚಿತವಾಗಿರಲಿಲ್ಲವೆಂಬುದೊಂದೇ ಅದಕ್ಕಿರುವ ಸಮಾಧಾನ. ಖಚಿತವಾದ ಮೇಲೆ ಬದುಕಿಕೊಂಡವರ ಸಂಖ್ಯೆಯನ್ನು ಲಕ್ಷಗಳಲ್ಲಿ ಎಣಿಸಬೇಕು.

ಕನ್ನಡನಾಡಿನಲ್ಲಿ ಈ ಸೂಜಿಯ ದೊಡ್ಡ ಪರೀಕ್ಷೆ ನಡೆದುದು ಹುಬ್ಬಳ್ಳಿಯಲ್ಲಿ. 1898ರ ಬೇಸಿಗೆಯಿಂದ ಮಳೆಗಾಲದ ಕೊನೆಯವರೆಗೆ ಪ್ಲೇಗು ಅಲ್ಲಿ ಹಾಹಾಕಾರವೆಬ್ಬಿಸಿತು. ಲ್ಯೂಮನ್ ಎಂಬ ವೈದ್ಯಾಧಿಕಾರಿ ಹಾಫ್‌ಕಿನ್ನರ ಮದ್ದನ್ನು ತಂದು ಬೀದಿಬೀದಿಯಲ್ಲಿ ಹಾಕತೊಡಗಿದರು. ದಕ್ಷಿಣ ಮರಾಠಾ ರೈಲ್ವೆಯ ನೌಕರರು, ಅರಳೆ ಗಿರಣಿಯ ಕೆಲಸಗಾರರು, ನೇಕಾರರು, ವ್ಯಾಪಾರಸ್ಥರು ಸಾಲುಗಟ್ಟಿದರು. ಕೆಲವೇ ತಿಂಗಳಲ್ಲಿ 30 ಸಾವಿರಕ್ಕೂ ಮಿಕ್ಕಿ ಜನ ಸೂಜಿ ಹಾಕಿಸಿಕೊಂಡರು. ವಾರವಾರಕ್ಕೆ ಎರಡು ಕಂಬಗಳಲ್ಲಿ ಸಾವಿನ ಲೆಕ್ಕ ಬರೆಯಲಾಯಿತು. ಸೂಜಿ ಕಂಡವರ ಕಂಬ ಹಗುರಾಗಿಯೇ ಉಳಿಯಿತು. ಊರು ಬಿಟ್ಟು ಹೋದವರೆಷ್ಟು, ಇರುವವರೆಷ್ಟು ಎಂಬ ಎಣಿಕೆಯಲ್ಲಿ ಲೋಪಗಳಿದ್ದವೆಂದು ಆಕ್ಷೇಪಗಳೂ ಬಂದವು. ಅವು ಅಲ್ಲಗಳೆಯತಕ್ಕವಲ್ಲ. ಆದರೆ ಲೋಪಗಳನ್ನೆಲ್ಲ ಕಳೆದರೂ ಎರಡು ಕಂಬಗಳ ಅಂತರ ಅಳಿಯುವಂತಿರಲಿಲ್ಲ. ಧಾರವಾಡ, ಗದಗುಗಳಲ್ಲಿಯೂ ಇದೇ ಕಾರ್ಯ ನಡೆಯಿತು. ಆ ವರ್ಷದ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದ ಬೇನೆ ಬೆಂಗಳೂರನ್ನು ಮುಟ್ಟಿತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ನೆಲೆಗೊಳಿಸಲೆಂದೇ ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು ಬೆಳೆದವು. ಇಲಿಯ ಮೈಮೇಲಿನ ಚಿಕ್ಕಾಡು ಈ ಬೇನೆಯನ್ನು ಹೊರುತ್ತದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಕಂಡುಕೊಂಡುದೂ ಅದೇ 1898ರಲ್ಲಿ. ಅದನ್ನು ಲೋಕ ಒಪ್ಪಲು ಇನ್ನೂ ಹಲವು ವರ್ಷಗಳು ಬೇಕಾದವು. ಇಲಿ ಬಿದ್ದರೆ ಊರು ಬಿಡುವ ನಮ್ಮವರ ಅನುಭವಜ್ಞಾನ ಸಾಹೇಬರ ಶಾಸ್ತ್ರಕ್ಕಿಂತ ಮುಂದಿತ್ತೆಂಬುದನ್ನು ಇಲ್ಲಿ ಹೇಳದೆ ಬಿಡುವುದು ಅನ್ಯಾಯ.

1899ರಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಪ್ರಯೋಗಶಾಲೆ ಸಾಗಿತು. ಹಾಫ್‌ಕಿನ್ನರು ಅದರ ಮುಖ್ಯಾಧಿಕಾರಿ. ಕೀರ್ತಿಯ ಶಿಖರದಲ್ಲಿದ್ದ ಅವರನ್ನು ಒಂದೇ ಒಂದು ಬುಡ್ಡಿ ಕೆಳಗುರುಳಿಸಿತು.

ಪಂಜಾಬಿನಲ್ಲಿ ಆಗ ಪ್ಲೇಗು ಭುಗಿಲೆದ್ದಿತ್ತು. ತಿಂಗಳಿಗೆ ಲಕ್ಷಾಂತರ ಜನಕ್ಕೆ ಸೂಜಿ ಹಾಕುವ ಏರ್ಪಾಡಾಗಿ, ಬೇಡಿಕೆ ಪೂರೈಸಲು ಹಾಫ್‌ಕಿನ್ನರು ಮದ್ದು ತಯಾರಿಸುವ ಕ್ರಮವನ್ನು ತುಸು ಮಾರ್ಪಡಿಸಿದ್ದರು. ಹೊಸ ಕ್ರಮದಲ್ಲಿ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಕಾವಿನಿಂದಲೇ ಶುದ್ಧಿಗೊಳಿಸುತ್ತಿದ್ದರು. 1902ರ ಅಕ್ಟೋಬರ್ 30ರಂದು ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಐದು ಬುಡ್ಡಿಗಳಿಂದ 107 ಜನರಿಗೆ ಸೂಜಿ ಹಾಕಲಾಯಿತು. ಅವುಗಳಲ್ಲಿ 53ಎನ್ ಎಂಬ ಗುರುತಿನ ಬುಡ್ಡಿಯ ಮದ್ದು ಕಂಡ 19 ಜನರೂ ಧನುರ್ವಾಯುವಿನಿಂದ ಸತ್ತರು. ಉಳಿದ ನಾಲ್ಕು ಬುಡ್ಡಿಗಳಿಂದ ಯಾರಿಗೂ ಏನೂ ಆಗಲಿಲ್ಲ.

ಹತ್ತೊಂಬತ್ತು ಮನೆಗಳ ಗೋಳು ಸಣ್ಣದಲ್ಲ. ಅದಕ್ಕೆ ಯಾರಾದರೂ ಉತ್ತರ ಹೇಳಲೇಬೇಕಾಗಿತ್ತು. ವಿಚಾರಣಾ ಮಂಡಳಿ ಕುಳಿತಿತು. ಕೆಡುಕು ಹೊಕ್ಕಿದುದು ಪರೇಲಿನಲ್ಲಿಯೇ, ಕಾರ್ಬಾಲಿಕ್ ಬಿಟ್ಟ ಹೊಸ ಕ್ರಮವೇ ಅದಕ್ಕೆ ಕಾರಣವೆಂದು ಅದು ತೀರ್ಮಾನಿಸಿತು. ಹಾಫ್‌ಕಿನ್ನರನ್ನು ಹುದ್ದೆಯಿಂದ ತೆಗೆದು, ಸಂಬಳವಿಲ್ಲದ ರಜೆಯ ಮೇಲೆ ಕಳುಹಿಸಲಾಯಿತು. ಆದರೆ ಆ ದಿನ ಮಲ್ಕೋವಾಲಿನಲ್ಲಿ ನಡೆದುದನ್ನು ಗಮನಿಸಬೇಕು. ಬುಡ್ಡಿಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸಿ ಶುದ್ಧಗೊಳಿಸದೆ, ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಅಲುಗಿಸಿ ಬಳಸಿದ್ದ. ಧನುರ್ವಾಯುವಿನ ಬೀಜ ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಬುಡ್ಡಿ ತುಂಬಿ ತಿಂಗಳಿಗೂ ಹೆಚ್ಚು ಕಾಲ ಕಳೆದಿತ್ತು. ಕೆಡುಕು ಮೊದಲೇ ಹೊಕ್ಕಿದ್ದರೆ ಅಷ್ಟು ದಿನಗಳಲ್ಲಿ ಅದು ಮೂಗು ಮುಚ್ಚಿಕೊಳ್ಳುವಂತೆ ನಾರಬೇಕಾಗಿತ್ತು. ತೆರೆದಾಗ ಯಾವ ವಾಸನೆಯೂ ಇರಲಿಲ್ಲ. ಹಾಫ್‌ಕಿನ್ನರು ಇದನ್ನು ಹೇಳಿದರು, ಬರೆದರು. ಕೇಳುವವರು ಇರಲಿಲ್ಲ.

ಹಳೆಯ ಕ್ರಮವನ್ನು ಬಿಟ್ಟುದು ಅವರ ದುಡುಕೆಂದು ವಾದಿಸುವವರು ಇಂದಿಗೂ ಇರಬಹುದು. ಒಂದು ಹನಿ ಕಾರ್ಬಾಲಿಕ್ ಇದ್ದಿದ್ದರೆ ಆ ಮಣ್ಣಿನ ಬೀಜವನ್ನು ತಡೆಯುತ್ತಿತ್ತೋ ಇಲ್ಲವೋ ಎಂಬ ಚರ್ಚೆ ಆಗಲೂ ನಡೆಯಿತು. ಆದರೆ ಕಾವಿನಿಂದ ಶುದ್ಧಿಗೊಳಿಸುವುದು ಹೊಸ ಕಲ್ಪನೆಯಲ್ಲ. ಪಾಸ್ತರ್ ಸಂಸ್ಥೆಯಲ್ಲಿ ಪ್ರಮಾಣವಾಗಿದ್ದ ಕ್ರಮವೇ ಅದು. ವಿದೇಶಿ, ಯಹೂದಿ, ವೈದ್ಯಪದವಿಯಿಲ್ಲದವನು ಎಂಬ ಮೂರು ಕುಂದುಗಳು ಆ ತೀರ್ಮಾನದ ಹಿಂದೆ ನಿಂತಿದ್ದವೆಂದು ಊಹಿಸಲು ಕಾರಣಗಳಿವೆ. ಫ್ರಾನ್ಸಿನಲ್ಲಿ ನಿರಪರಾಧಿಯಾದ ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಗೆ ದಂಡನೆಯಾದುದನ್ನು ನೆನೆದು, ಇದನ್ನು ಸಣ್ಣ ಡ್ರೈಫಸ್ ಪ್ರಕರಣವೆಂದು ಕರೆದವರುಂಟು.

ಇಲ್ಲಿ ವಾಡಿಯಿಂದ ಸೇಡಂ ಮೇಲೆ ಹಾಯುವ ಹಳಿಯ ತುದಿಯನ್ನು ಸ್ಮರಿಸಬೇಕು. ಆ ತುದಿಯಾದ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಬೀಜವನ್ನು ಕಂಡರು. ಅದಕ್ಕೆ ಮುನ್ನ 1895ರಲ್ಲಿ ಬೆಂಗಳೂರಿನ ಕಾಲರಾ ನಿವಾರಣೆಗೂ ದುಡಿದಿದ್ದವರು ಅವರು. 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದು ಲೋಕಮಾನ್ಯರಾಗಿದ್ದ ರಾಸರು, ಮಲ್ಕೋವಾಲಿನ ಕಾಗದಪತ್ರಗಳನ್ನು ತಿರುವಿ ನೋಡಿ ಕನಲಿದರು. ಅನ್ಯಾಯವಾಗಿದೆಯೆಂದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರೆದರು. 1907ರ ಜುಲೈ 29ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ರಾಸರೂ ಇತರ ಹೆಸರಾಂತ ವಿಜ್ಞಾನಿಗಳೂ ಸಹಿ ಹಾಕಿದ ಪತ್ರ ಪ್ರಕಟವಾಯಿತು. ಲಿಸ್ಟರ್ ಸಂಸ್ಥೆಯ ಪರೀಕ್ಷೆಯೂ ಹಾಫ್‌ಕಿನ್ನರ ಪರವಾಗಿಯೇ ಇದ್ದಿತು. ಆ ವರ್ಷದ ನವೆಂಬರಿನಲ್ಲಿ ಸರಕಾರ ಅವರನ್ನು ದೋಷಮುಕ್ತರೆಂದು ಒಪ್ಪಿ ಪುನಃ ಕೆಲಸಕ್ಕೆ ಕರೆಯಿತು.

ಐದು ವರ್ಷ ಕಳೆದಿದ್ದವು. ಪರೇಲಿನ ಕುರ್ಚಿ ಖಾಲಿಯಿರಲಿಲ್ಲ. ಹಾಫ್‌ಕಿನ್ನರು ಕಲ್ಕತ್ತೆಗೆ ಹೋದರು. ಅಲ್ಲಿ ಅವರಿಗೆ ಜನರ ನಡುವೆ ಸೂಜಿ ಹಿಡಿದು ತಿರುಗುವ ಅವಕಾಶ ದೊರೆಯಲಿಲ್ಲ. ಪ್ರಯೋಗಶಾಲೆಯ ನಾಲ್ಕು ಗೋಡೆಗಳ ನಡುವಿನ ಸಂಶೋಧನೆಗೆ ಸೀಮಿತವಾದರು. 1914ರಲ್ಲಿ ನಿವೃತ್ತರಾಗಿ ಯೂರೋಪಿಗೆ ಮರಳಿದರು. ದೋಷ ಹೊರಿಸಿದಾಗ ಎದ್ದಷ್ಟು ಗದ್ದಲ ದೋಷ ತೊಳೆದಾಗ ಏಳಲಿಲ್ಲ. ಲೋಕದ ರೀತಿ ಎಲ್ಲ ಕಾಲದಲ್ಲಿಯೂ ಹೀಗೆಯೇ ಇರುವಂತಿದೆ.

ಮದ್ದು ಮಾತ್ರ ನಿಲ್ಲಲಿಲ್ಲ. 1897ರಿಂದ 1925ರವರೆಗೆ ಮುಂಬಯಿಯಿಂದ 2 ಕೋಟಿ 60 ಲಕ್ಷ ಪ್ರಮಾಣಗಳಷ್ಟು ಪ್ಲೇಗಿನ ಮದ್ದು ಹೊರಗೆ ಹೋಯಿತು. ಅದು ಸಾವನ್ನು ನೂರಕ್ಕೆ 50ರಿಂದ 85ರಷ್ಟು ತಗ್ಗಿಸುತ್ತಿತ್ತೆಂದು ಪರೀಕ್ಷೆಗಳು ತೋರಿಸಿದವು. ಸಂಪೂರ್ಣ ಕವಚ ಅದಾಗಿರಲಿಲ್ಲ. ಹಾಕಿಸಿಕೊಂಡವರಿಗೆ ಜ್ವರ, ತೋಳುನೋವು ತಪ್ಪುತ್ತಿರಲಿಲ್ಲ. ಕೆಲವು ತಿಂಗಳುಗಳ ಮೇಲೆ ಗುಣ ಕುಂದುತ್ತಿತ್ತು. ಪ್ಲೇಗಿಗೆ ಈ ದೇಶ ತೆತ್ತ ಜೀವಗಳು 1 ಕೋಟಿಗೂ ಮಿಕ್ಕವು. ಆ ಕರಾಳ ಲೆಕ್ಕ ಇನ್ನೂ ದೊಡ್ಡದಾಗದಂತೆ ತಡೆದುದರಲ್ಲಿ ಹಾಫ್‌ಕಿನ್ನರ ಬುಡ್ಡಿಯ ಪಾಲು ಇದೆ. 1925ರಲ್ಲಿ ಪರೇಲಿನ ಪ್ರಯೋಗಶಾಲೆಗೆ ಅವರ ಹೆಸರನ್ನೇ ಇಡಲಾಯಿತು. ಸ್ವತಂತ್ರ ಭಾರತ 1964ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು.

ಈ ಭಾಗದ ಜನಕ್ಕೆ ಅವರ ಕಥೆ ಹಳೆಯದಾಗಿ ತೋರದಿರಲು ಇತ್ತೀಚಿನ ಕಾರಣವೊಂದಿದೆ. 2020ರ ಮಾರ್ಚಿನಲ್ಲಿ ದೇಶದಲ್ಲಿಯೇ ಕೋವಿಡ್ಡಿನ ಮೊದಲ ಸಾವು ದಾಖಲಾದುದು ಕಲಬುರಗಿಯಲ್ಲಿ. ಅಂದು ಆವರಿಸಿದ ಭಯ, ಬೀಗ ಬಿದ್ದ ಬೀದಿಗಳು, ನಿಂತುಹೋದ ರೈಲುಗಳು, ಮುಂಬಯಿ ಪುಣೆಗಳಿಂದ ಗಂಟುಮೂಟೆ ಹೊತ್ತು ಮರಳಿದ ದುಡಿಮೆಗಾರರು, ಇವನ್ನು ಚಿತ್ತಾಪುರ, ಚಿಂಚೋಳಿಗಳ ತಾಂಡಾಗಳಲ್ಲಿ ಯಾರೂ ಮರೆತಿಲ್ಲ. 2021ರಲ್ಲಿ ಲಸಿಕೆ ಬಂದಾಗ ಒಂದು ಪುಣೆಯದು, ಇನ್ನೊಂದು ಹೈದರಾಬಾದಿನದು. ವಾಡಿಯ ನಿಲ್ದಾಣದಲ್ಲಿ ನಿಂತರೆ ಒಂದು ಹಳಿ ಪುಣೆಯತ್ತ, ಒಂದು ಹಳಿ ಹೈದರಾಬಾದಿನತ್ತ. ಹೈದರಾಬಾದಿನ ಕೋವ್ಯಾಕ್ಸಿನ್ನಿನಲ್ಲಿ ಇದ್ದುದು ಕೊಂದ ವೈರಾಣು. ಹಾಫ್‌ಕಿನ್ನರು ತುಪ್ಪದ ಹನಿಗಳ ಕೆಳಗೆ ಬೆಳೆಸಿ ಕೊಂದುದೂ ಅದೇ ತತ್ತ್ವದಿಂದ. ಜನರ ಹಿಂಜರಿಕೆಯೂ ಹಳೆಯದೇ. ಆಗ ಮನೆಮನೆಗೆ ತಿರುಗಿದ ಆಶಾ ಕಾರ್ಯಕರ್ತೆಯರು, ಶಾಲೆಯ ಉಪಾಧ್ಯಾಯರು ಮೊದಲು ತಾವು ತೋಳು ತೋರಿಸಿ, ಆಮೇಲೆ ಮಾತನಾಡಿದರು.

ಹಾಫ್‌ಕಿನ್ನರು ಮದುವೆಯಾಗಲಿಲ್ಲ. ಯೌವನದಲ್ಲಿ ಬಿಡಲೊಪ್ಪದ ತಮ್ಮ ಧರ್ಮವನ್ನು ಮುಪ್ಪಿನಲ್ಲಿ ಇನ್ನೂ ನಿಷ್ಠೆಯಿಂದ ಆಚರಿಸಿದರು. ಅದನ್ನು ಸಮರ್ಥಿಸಿ 1916ರಲ್ಲಿ ಒಂದು ಪ್ರಬಂಧವನ್ನು ಬರೆದರು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವನಿಗೆ ದೇವರ ಮನೆಯ ಬಾಗಿಲು ಮುಚ್ಚಿರಬೇಕೆಂದು ಅವರು ತಿಳಿಯಲಿಲ್ಲ. ಕಡೆಯ ವರ್ಷಗಳನ್ನು ಸ್ವಿಟ್ಜರ್ಲೆಂಡಿನ ಲೋಸಾನ್ ಪಟ್ಟಣದಲ್ಲಿ ಕಳೆದರು. 1929ರಲ್ಲಿ ತಮ್ಮ ಗಳಿಕೆಯನ್ನೆಲ್ಲ ಒಂದು ನಿಧಿಯಾಗಿ ಕಟ್ಟಿದರು. ಪೂರ್ವ ಯೂರೋಪಿನ ಬಡ ಊರುಗಳಲ್ಲಿ ಯಹೂದಿಗಳ ಧರ್ಮಪಾಠಶಾಲೆಗಳಿದ್ದವು. ನಮ್ಮಲ್ಲಿ ಮಠದ ಪಾಠಶಾಲೆಗಳು ಹೇಗೋ ಅಲ್ಲಿ ಅವು ಹಾಗೆ. ಆ ನಿಧಿ ಆ ಶಾಲೆಗಳಿಗೆ ಸಲ್ಲಬೇಕು, ಅಲ್ಲಿಯ ಹುಡುಗರಿಗೆ ಧರ್ಮಗ್ರಂಥಗಳ ಜೊತೆಗೆ ವಿಜ್ಞಾನವನ್ನೂ ಕೈಕಸಬನ್ನೂ ಕಲಿಸಬೇಕೆಂಬುದು ದಾನಿಯ ಅಪೇಕ್ಷೆಯಾಗಿತ್ತು. ಮರುವರ್ಷ, 1930ರ ಅಕ್ಟೋಬರ್ 26ರಂದು, ಲೋಸಾನಿನಲ್ಲಿ ಅವರು ತೀರಿಕೊಂಡರು.